ದೊಡ್ಡ ಹೋಟೆಲಿನಲ್ಲಿ ರೂಮು ಕಾದಿರಿಸಲು ಪ್ರವಾಸ ಸಲಹೆಗಾರರು ಬೇಕೆ?

ಪ್ರಶ್ನೆ: ಬರುವ ಜನವರಿಗೆ ನಮ್ಮ ತಂದೆತಾಯಿಯ ಮದುವೆಗೆ 50 ವರ್ಷ ತುಂಬುತ್ತದೆ. ಅವರನ್ನು ಉದಯಪುರದ ತಾಜ್ ಲೇಕ್ ಪ್ಯಾಲೇಸ್‌ನಲ್ಲಿ ಮೂರು ರಾತ್ರಿ ಉಳಿಸಬೇಕೆಂಬುದು ನಮ್ಮ ಆಸೆ. ಪ್ರವಾಸ ಸಲಹೆಗಾರರ ಮೂಲಕವೇ ರೂಮು ಕಾದಿರಿಸಿ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಎಲ್ಲ ದರಗಳೂ ಮೊಬೈಲಿನಲ್ಲೇ ಕಾಣುವಾಗ ನಡುವಿನವರಿಗೆ ಏಕೆ ದುಡ್ಡು ಕೊಡಬೇಕು ಎಂಬುದು ನನ್ನ ತಮ್ಮನ ವಾದ. ಯಾರ ಮಾತು ಸರಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದುಡ್ಡಿನ ವಿಷಯವನ್ನೇ ಮೊದಲು ನೋಡೋಣ. ಇಂಥ ಹೋಟೆಲುಗಳ ಬುಕಿಂಗ್‌ನಲ್ಲಿ ಸಲಹೆಗಾರರ ಸಂಪಾದನೆ ಬಹುಮಟ್ಟಿಗೆ ಹೋಟೆಲಿನವರು ಕೊಡುವ ಕಮಿಷನ್. ಸಾಮಾನ್ಯವಾಗಿ ಅದು ರೂಮಿನ ಬಾಡಿಗೆಯ ಶೇ 10ರ ಆಸುಪಾಸಿನಲ್ಲಿದ್ದು, ಅತಿಥಿಗಳು ತಂಗಿ ಹೋದ ಮೇಲೆ ಪಾವತಿಯಾಗುತ್ತದೆ. ಬುಕಿಂಗ್ ಆ್ಯಪ್‌ಗಳೂ ಹೋಟೆಲಿನಿಂದ ಕಮಿಷನ್ ಪಡೆದೇ ನಡೆಯುತ್ತವೆ, ಹಲವು ವೇಳೆ ಇದಕ್ಕಿಂತ ಹೆಚ್ಚು. ಆದ್ದರಿಂದ ಆ್ಯಪ್ ಬಳಸಿದ ಮಾತ್ರಕ್ಕೆ ನಡುವಿನವರು ಇಲ್ಲವಾಗುವುದಿಲ್ಲ, ಅವರ ಜಾಗಕ್ಕೆ ಬೇರೊಬ್ಬರು ಬರುತ್ತಾರೆ. ಕೆಲವು ಸಲಹೆಗಾರರು ಪ್ರತ್ಯೇಕ ಶುಲ್ಕವನ್ನೂ ಕೇಳುವುದುಂಟು. ಅದನ್ನು ಮೊದಲ ಮಾತಿನಲ್ಲೇ ಕೇಳಿ ತಿಳಿಯಿರಿ.

ಆದರೆ ಸಲಹೆಗಾರರಿಂದ ಬಾಡಿಗೆ ಕಡಿಮೆಯಾಗುತ್ತದೆಂದು ನಿರೀಕ್ಷಿಸಬೇಡಿ. ಅವರ ಉಪಯೋಗ ಬೇರೆ ಕಡೆ ಇದೆ. ಲೇಕ್ ಪ್ಯಾಲೇಸ್ ಎಂದರೆ ಮಹಾರಾಣಾ ಎರಡನೆಯ ಜಗತ್ ಸಿಂಹ 1740ರ ದಶಕದಲ್ಲಿ ಪಿಚೋಲಾ ಸರೋವರದ ನಡುವೆ ಕಟ್ಟಿಸಿದ ಅರಮನೆ. ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಕೆಲವು ರೂಮುಗಳು ಸರೋವರದ ಕಡೆಗೆ ತೆರೆದುಕೊಂಡಿದ್ದರೆ, ಕೆಲವು ಒಳಗಿನ ತಾವರೆಕೊಳದ ಅಂಗಳಕ್ಕೆ ಮುಖ ಮಾಡಿವೆ. ನಿಮ್ಮ ತಾಯಿಗೆ ಮಂಡಿನೋವಿದ್ದರೆ ದೋಣಿ ಹತ್ತಿಳಿಯುವಾಗ ಹಿಡಿದುಕೊಳ್ಳಲು ಜನರಿರುತ್ತಾರೆಯೇ, ರೂಮಿನವರೆಗೆ ಎಷ್ಟು ಮೆಟ್ಟಿಲುಗಳಿವೆ, ಸ್ನಾನ ಮಾಡಲು ಎತ್ತರದ ತೊಟ್ಟಿಯೊಳಗೆ ಕಾಲೆತ್ತಿ ಇಳಿಯಬೇಕೇ ಎಂಬ ಪ್ರಶ್ನೆಗಳಿಗೆ ಆ್ಯಪ್‌ನ ಚಿತ್ರಗಳಲ್ಲಿ ಉತ್ತರ ಸಿಗುವುದಿಲ್ಲ. ಅನುಭವವುಳ್ಳ ಸಲಹೆಗಾರರು ಹೋಟೆಲಿನ ರಿಸರ್ವೇಷನ್ ವಿಭಾಗದವರೊಡನೆ ನೇರವಾಗಿ ಮಾತನಾಡಿ, ಇದನ್ನೆಲ್ಲ ವಿಚಾರಿಸಿ, ನಿಮ್ಮ ಹೆಸರಿನ ಮುಂದೆ ಬರೆಸಿಡುತ್ತಾರೆ. ವೃದ್ಧರ ಪ್ರಯಾಣದಲ್ಲಿ ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಹೊರಗಿನವರು ಊಹಿಸುವುದೇ ಇಲ್ಲ. ಚಳಿಗಾಲದ ಉದಯಪುರ ಮದುವೆಗಳ ಊರು. ಶ್ರೀಮಂತ ಕುಟುಂಬಗಳು ಇಡೀ ಹೋಟೆಲನ್ನೋ ಅದರ ಅಂಗಳಗಳನ್ನೋ ಬಾಡಿಗೆಗೆ ಹಿಡಿಯುತ್ತವೆ. ಆ ರಾತ್ರಿಗಳಲ್ಲಿ ಹಾಡು, ಕುಣಿತ, ಜನಸಂದಣಿ ಸಹಜ. ನೀವು ಆರಿಸಿದ ದಿನಗಳಲ್ಲಿ ದೊಡ್ಡ ಸಮಾರಂಭವಿದೆಯೇ ಎಂದು ಕೇಳಿ, ಇದ್ದರೆ ಎರಡು ದಿನ ಹಿಂದೆಮುಂದೆ ಮಾಡಿಸುವ ಕೆಲಸವನ್ನು ಸಲಹೆಗಾರರು ಸುಲಭವಾಗಿ ಮಾಡಬಲ್ಲರು. ದಸರೆಯ ಸಮಯದಲ್ಲಿ ನಮ್ಮೂರಿನಲ್ಲಿ ಒಳ್ಳೆಯ ರೂಮು ಸಿಗುವುದು ಎಷ್ಟು ಕಷ್ಟವೆಂದು ಬಲ್ಲ ನಿಮಗೆ, ಜನವರಿಯ ಉದಯಪುರಕ್ಕೆ ಈಗಲೇ ಏಕೆ ವಿಚಾರಿಸಬೇಕೆಂದು ವಿವರಿಸಬೇಕಾಗಿಲ್ಲ.

ಹೆಚ್ಚುವರಿ ಸವಲತ್ತುಗಳೂ ಇವೆ. ವರ್ಚುಯೋಸೊದಂಥ ಸಲಹೆಗಾರರ ಒಕ್ಕೂಟಗಳು ಅನೇಕ ಹೋಟೆಲುಗಳೊಡನೆ ಒಪ್ಪಂದ ಮಾಡಿಕೊಂಡಿವೆ. ಫೋರ್ ಸೀಸನ್ಸ್, ಹಯಾತ್ ಮೊದಲಾದ ಸಂಸ್ಥೆಗಳು ಆಯ್ದ ಸಲಹೆಗಾರರಿಗಾಗಿ ತಮ್ಮದೇ ಕಾರ್ಯಕ್ರಮಗಳನ್ನು ನಡೆಸುತ್ತವೆ. ಇವುಗಳ ಮೂಲಕ ಹೋದರೆ, ಹೋಟೆಲಿನ ಜಾಲತಾಣದಲ್ಲಿ ಕಾಣುವ ದರಕ್ಕೇ ಇಬ್ಬರಿಗೆ ಬೆಳಗಿನ ಉಪಾಹಾರ, ಹೋಟೆಲಿನೊಳಗೆ ಖರ್ಚು ಮಾಡಲು ಹಲವೆಡೆ 100 ಡಾಲರಿನಷ್ಟು ಮೊತ್ತ, ಖಾಲಿ ಇದ್ದರೆ ಮೇಲಿನ ದರ್ಜೆಯ ರೂಮು ಸಿಗುವುದುಂಟು. ಆದರೆ ಎಲ್ಲ ಹೋಟೆಲುಗಳೂ ಇವುಗಳಲ್ಲಿಲ್ಲ, ಎಲ್ಲ ಸಲಹೆಗಾರರೂ ಸದಸ್ಯರಲ್ಲ. ನಿಮ್ಮ ಬುಕಿಂಗ್‌ಗೆ ಯಾವ ಸವಲತ್ತು ಅನ್ವಯಿಸುತ್ತದೆಂದು ಬರವಣಿಗೆಯಲ್ಲಿ ಪಡೆಯಿರಿ.

ಹೋಲಿಕೆ ಮಾಡಬೇಕೆನ್ನುವ ನಿಮ್ಮ ತಮ್ಮನ ಎಚ್ಚರಿಕೆಯನ್ನೂ ಬಿಡಬೇಡಿ. ಆದರೆ ಹೋಲಿಸುವಾಗ ಅದೇ ರೂಮು, ಅದೇ ರದ್ದತಿ ನಿಯಮ, ಅದೇ ತೆರಿಗೆ ಇರಬೇಕು. ದಿನಕ್ಕೆ ₹7,500 ಮೀರಿದ ರೂಮಿಗೆ ಶೇ 18 ಜಿಎಸ್‌ಟಿ ಇದೆ; ಮೊಬೈಲಿನ ಮೊದಲ ಪರದೆಯಲ್ಲಿ ಅದು ಹಲವು ಬಾರಿ ಸೇರಿರುವುದಿಲ್ಲ. ತೀರ ಅಗ್ಗವಾಗಿ ಕಾಣುವ ದರ ಹೆಚ್ಚಾಗಿ, ರದ್ದು ಮಾಡಿದರೆ ಹಣ ಮರಳದ ದರವಾಗಿರುತ್ತದೆ. ವಯಸ್ಸಾದವರ ಪ್ರಯಾಣಕ್ಕೆ ಅಂಥ ದರವನ್ನು ಆರಿಸಲೇಬೇಡಿ ಎಂದು ಒತ್ತಿ ಹೇಳುತ್ತೇನೆ.

ಸಲಹೆಗಾರರನ್ನು ಆರಿಸುವಾಗ ಆ ಹೋಟೆಲನ್ನು ಸ್ವತಃ ನೋಡಿದ್ದೀರಾ ಎಂದು ಕೇಳಿ. ಬುಕಿಂಗ್ ಆದೊಡನೆ ಹೋಟೆಲಿನದೇ ದೃಢೀಕರಣ ಸಂಖ್ಯೆಯನ್ನು ಪಡೆದು, ಹೋಟೆಲಿಗೆ ನೀವೇ ಫೋನ್ ಮಾಡಿ ಪರಿಶೀಲಿಸಿ. ಸಾಧ್ಯವಾದರೆ ಹಣವನ್ನು ಹೋಟೆಲಿಗೇ ನೇರವಾಗಿ ಕಾರ್ಡಿನ ಮೂಲಕ ಕೊಡಿ.

ಪ್ರಶ್ನೆ: ಮಗಳು-ಅಳಿಯನನ್ನು ಮಾಲ್ಡೀವ್ಸ್‌ಗೆ ಕಳುಹಿಸಲು ಏಜೆಂಟರು ಹೇಳಿದ ಮೊತ್ತ, ರೆಸಾರ್ಟಿನ ಜಾಲತಾಣದಲ್ಲಿ ಕಂಡ ಬಾಡಿಗೆಗಿಂತ ಬಹಳ ಹೆಚ್ಚಿದೆ. ಇದು ಮೋಸವೇ?
– ಓದುಗರು, ಮಂಡ್ಯ

ಉತ್ತರ: ವಿವರ ನೋಡದೆ ಮೋಸವೆನ್ನಲಾಗದು. ಜಾಲತಾಣದಲ್ಲಿ ಮೊದಲು ಕಾಣುವುದು ಹೆಚ್ಚಾಗಿ ಬರೀ ರೂಮಿನ ಬಾಡಿಗೆ. ಅದರ ಮೇಲೆ ಸಾಮಾನ್ಯವಾಗಿ ಶೇ 10 ಸೇವಾ ಶುಲ್ಕ, 2025ರ ಜುಲೈನಿಂದ ಶೇ 17 ಆಗಿರುವ ಪ್ರವಾಸೋದ್ಯಮ ತೆರಿಗೆ, ರೆಸಾರ್ಟುಗಳಲ್ಲಿ ಒಬ್ಬೊಬ್ಬರಿಗೂ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ ಸೇರುತ್ತವೆ. ದ್ವೀಪದಲ್ಲಿ ಹೊರಗೆ ಹೋಗಿ ಊಟ ಮಾಡುವ ದಾರಿಯಿಲ್ಲವಾದ್ದರಿಂದ ಊಟದ ಖರ್ಚು ಅನಿವಾರ್ಯ. ಇನ್ನೊಂದು ದೊಡ್ಡ ಖರ್ಚು ಮಾಲೆಯ ವಿಮಾನ ನಿಲ್ದಾಣದಿಂದ ದ್ವೀಪ ತಲುಪುವ ವೆಚ್ಚ. ದೂರದ ಅನೇಕ ದ್ವೀಪಗಳಿಗೆ ನೀರಿನ ಮೇಲಿಳಿಯುವ ಸೀಪ್ಲೇನ್‌ಗಳಲ್ಲಿ ಹೋಗಬೇಕು. ಅವು ಹಗಲಿನಲ್ಲಿ ಮಾತ್ರ ಹಾರುತ್ತವೆ. ಬೆಂಗಳೂರಿನ ವಿಮಾನ ಸಂಜೆ ತಲುಪಿದರೆ ಮಕ್ಕಳು ಆ ರಾತ್ರಿ ಮಾಲೆಯ ಸುತ್ತಮುತ್ತ ಉಳಿಯಬೇಕಾಗಿ, ರೆಸಾರ್ಟಿನ ಒಂದು ರಾತ್ರಿಯ ಬಾಡಿಗೆ ವ್ಯರ್ಥವಾಗುತ್ತದೆ. ವಿಮಾನದ ವೇಳೆಗೂ ದ್ವೀಪದ ಆಯ್ಕೆಗೂ ತಾಳೆ ಹಾಕಿಕೊಡುವ ಏಜೆಂಟರಾದರೆ ಅವರ ಸಹಾಯ ಪಡೆಯುವುದು ಖಂಡಿತ ಒಳ್ಳೆಯದು.

ಬಾಬ್ತುವಾರು ಲೆಕ್ಕ ಕೇಳಿ. ವಿಮಾನ, ಹೋಟೆಲು ಸೇರಿದ ವಿದೇಶಿ ಪ್ಯಾಕೇಜಾದರೆ ಟಿಸಿಎಸ್ (ಮಾರುವವರು ಗ್ರಾಹಕರಿಂದ ಮೊದಲೇ ಸಂಗ್ರಹಿಸಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಅದರಲ್ಲಿರುತ್ತದೆ. ಆ ಮೊತ್ತವನ್ನು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಲೆಕ್ಕ ಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿ.

ಪ್ರಶ್ನೆ: ಕಬಿನಿಯ ರೆಸಾರ್ಟಿನಲ್ಲಿ ಒಂದು ರಾತ್ರಿ ಉಳಿಯಲೂ ಸಲಹೆಗಾರರು ಬೇಕೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬೇಡ. ರೆಸಾರ್ಟಿಗೇ ಫೋನ್ ಮಾಡಿ. ಬಾಡಿಗೆಯಲ್ಲಿ ಸಫಾರಿ ಸೇರಿದೆಯೇ, ನಿಮ್ಮ ಹೆಸರಿಗೆ ಸೀಟು ಖಚಿತವಾಗಿದೆಯೇ ಎಂದು ಮಾತ್ರ ತಪ್ಪದೆ ಕೇಳಿ. 2025ರ ನವೆಂಬರಿನಲ್ಲಿ, ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗಳಾದ ಬಳಿಕ, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು. ಅಂಥ ಸಂದರ್ಭ ಮತ್ತೆ ಬಂದರೆ ಮುಂಗಡ ಹಣ ಮರಳುತ್ತದೆಯೋ, ದಿನಾಂಕ ಬದಲಿಸಲು ಮಾತ್ರ ಅವಕಾಶವೋ ಎಂಬುದನ್ನು ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.