ಒಂಬತ್ತು ವರ್ಷ ಕೋಡಿಂಗ್ ಮಾಡಿದ ಮೇಲೆ ಎಂ.ಟೆಕ್ ಓದಲೋ, ಮ್ಯಾನೇಜರ್ ಆಗಲೋ?

ನಿಮ್ಮ ಪ್ರಶ್ನೆಯನ್ನು ನಿಧಾನವಾಗಿ ಓದಿದೆ. ವಯಸ್ಸು ಮೂವತ್ತೆರಡು, ಬೆಂಗಳೂರಿನ ಒಂದು ಸರ್ವಿಸ್ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಜಾವಾ ಬ್ಯಾಕೆಂಡ್ ಕೆಲಸ, ಮನೆ ಸಾಲದ ಇಎಂಐ ನಡೆಯುತ್ತಿದೆ. ಮ್ಯಾನೇಜರ್ ಆಗಿ ಬನ್ನಿ ಅಂತ ಆಫೀಸಿನಲ್ಲಿ ಕರೆಯುತ್ತಿದ್ದಾರೆ, ನಿಮಗೆ ಎಂ.ಟೆಕ್ ಆಸೆ. ಎರಡರಲ್ಲಿ ಯಾವುದು ಸೇಫ್ ಅಂತ ಕೇಳಿದ್ದೀರಿ.

ನಾನು ಕೋಡ್ ಬರೆಯುತ್ತಾ ಬಂದು ಮ್ಯಾನೇಜರ್ ಆದವನು. ಈ ಕೆಲಸ ನನಗೆ ತುಂಬಾ ಇಷ್ಟ. ಆದರೂ ನಿಮಗೆ ಓದಿ ಅಂತಲೇ ಹೇಳುತ್ತೇನೆ. ಕಾರಣ ನೀವು ಬರೆದದ್ದರಲ್ಲೇ ಇದೆ. ಮ್ಯಾನೇಜರ್ ಕೆಲಸದ ಬಗ್ಗೆ ನೀವು ಬರೆದಿದ್ದು ಎರಡೇ ಮಾತು: ಸಂಬಳ ಜಾಸ್ತಿ, ಮಾವನವರಿಗೆ ಖುಷಿ. ಆದರೆ ಒಂದು ಸರ್ವರ್ ಬಿದ್ದಾಗ ಉಳಿದವು ಸೇರಿ ಹೊಸ ಲೀಡರನ್ನು ಹೇಗೆ ಆರಿಸಿಕೊಳ್ಳುತ್ತವೆ, ರಾತ್ರಿ ಕೂತು ಅದನ್ನು ವಿವರಿಸುವ ರಾಫ್ಟ್ ಅನ್ನುವ ಸಂಶೋಧನಾ ಪೇಪರ್ ಓದಿದೆ, ಅರ್ಧ ತಲೆಗೆ ಹತ್ತಲಿಲ್ಲ ಅಂತ ಒಂದು ದೊಡ್ಡ ಪ್ಯಾರಾ ಬರೆದಿದ್ದೀರಿ. ಯಾರೂ ಹೇಳದೆ, ಆಫೀಸಿನ ಕೆಲಸಕ್ಕೂ ಬೇಕಿಲ್ಲದೆ ಅದನ್ನು ಓದಲು ಕೂತವರು ನೀವು. ನಿಮ್ಮ ಮನಸ್ಸು ಎಲ್ಲಿದೆ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಮ್ಯಾನೇಜರ್ ಕೆಲಸ ಅಂದರೆ ಪ್ರೋಗ್ರಾಮರ್ ಹುದ್ದೆಯ ಮುಂದಿನ ಮೆಟ್ಟಿಲು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಬೇರೆಯದೇ ಕಸುಬು. ನನ್ನ ದಿನ ಹೋಗುವುದು ಜನರ ಜೊತೆ. ಒಬ್ಬಳು ಹೆರಿಗೆ ರಜೆ ಮುಗಿಸಿ ಬರುತ್ತಾಳೆ, ಅವಳಿಗೆ ಮೂಲೆಯ ಕೆಲಸ ಕೊಡದೆ ಮೊದಲಿನಷ್ಟೇ ತೂಕದ ಕೆಲಸ ಕೊಡಿಸಬೇಕು. ಇಬ್ಬರು ಸೀನಿಯರ್‌ಗಳು ಡಿಸೈನ್ ಬಗ್ಗೆ ಜಗಳವಾಡಿ ಮಾತು ಬಿಟ್ಟಿರುತ್ತಾರೆ, ಇಬ್ಬರನ್ನೂ ಕೂರಿಸಿ ಮಾತಾಡಿಸಬೇಕು. ಕ್ಲೈಂಟಿನ ದೂರಿನ ಕಾಲ್ (ಎಸ್ಕಲೇಶನ್) ರಾತ್ರಿ ಬರುತ್ತದೆ, ಅಲ್ಲಿ ಹುಡುಗರ ಮೇಲೆ ತಪ್ಪು ಹೊರಿಸದೆ ಮಾತಾಡಬೇಕು. ಎಲ್ಲಕ್ಕಿಂತ ಕಷ್ಟದ್ದು ಅಪ್ರೈಸಲ್. ವರ್ಷವಿಡೀ ಚೆನ್ನಾಗಿ ದುಡಿದವನಿಗೆ ಟೀಮಿನಲ್ಲಿ ಇಂತಿಷ್ಟು ಜನ ಕೆಳಗಿರಲೇಬೇಕು ಅನ್ನುವ ಬೆಲ್ ಕರ್ವ್ ಲೆಕ್ಕದಲ್ಲಿ ಕೆಳಗಿನ ರೇಟಿಂಗ್ ಬಂದಾಗ, ಎದುರು ಕೂರಿಸಿಕೊಂಡು ಅದನ್ನು ಹೇಳುವವನು ಮ್ಯಾನೇಜರ್. ಅವನ ಪರವಾಗಿ ಮೇಲಿನವರ ಹತ್ತಿರ ವಾದ ಮಾಡಿ ಸೋತು ಬಂದಿದ್ದರೂ, ಮೇಲಿನವರನ್ನು ದೂರಿ ಜಾರಿಕೊಳ್ಳುವ ಹಾಗಿಲ್ಲ. ಇದರಲ್ಲಿ ನನಗೆ ಅರ್ಥ ಕಾಣುತ್ತದೆ. ಟೀಮಿಗೆ ಹೊಸದಾಗಿ ಬಂದ ಹುಡುಗಿ ಕೆಲವು ವರ್ಷಗಳಲ್ಲಿ ತಾನೇ ಒಂದು ಸಿಸ್ಟಮ್ ನಿಲ್ಲಿಸುವಷ್ಟು ಬೆಳೆದಾಗ ಆಗುವ ಸಂತೋಷ, ನಾನೇ ಬರೆದ ಯಾವ ಕೋಡಿನಿಂದಲೂ ನನಗೆ ಸಿಕ್ಕಿರಲಿಲ್ಲ. ನಿಮಗೂ ಇಂಥದ್ದರಲ್ಲಿ ಸಂತೋಷ ಆಗುತ್ತದಾ ಅಂತ ಕೇಳಿಕೊಳ್ಳಿ.

2002ರಲ್ಲಿ ಗೂಗಲ್ ಕಂಪನಿ ಇಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಅಂತ ಒಂದು ಪ್ರಯೋಗ ಮಾಡಿತ್ತು. ಕೆಲವೇ ತಿಂಗಳಲ್ಲಿ ಖರ್ಚಿನ ಬಿಲ್ಲುಗಳು, ಸಹೋದ್ಯೋಗಿಗಳ ಮನಸ್ತಾಪಗಳು ನೇರವಾಗಿ ಕಂಪನಿ ಕಟ್ಟಿದವರಲ್ಲೊಬ್ಬರಾದ ಲ್ಯಾರಿ ಪೇಜ್ ಟೇಬಲ್ಲಿಗೇ ಬರತೊಡಗಿದವು, ಪ್ರಯೋಗ ನಿಂತಿತು. ಆಮೇಲೆ ಅದೇ ಕಂಪನಿ ಪ್ರಾಜೆಕ್ಟ್ ಆಕ್ಸಿಜನ್ ಅಂತ ಅಧ್ಯಯನ ಮಾಡಿ ಒಳ್ಳೆಯ ಮ್ಯಾನೇಜರ್‌ಗಳ ಎಂಟು ಗುಣಗಳನ್ನು ಪಟ್ಟಿ ಮಾಡಿತು. ಮೊದಲನೆಯದು ಒಳ್ಳೆಯ ಕೋಚ್ ಆಗಿರುವುದು. ತಾಂತ್ರಿಕ ಕೌಶಲ ಕೊನೆಯದು, ಎಂಟನೆಯದು. ಒಂಬತ್ತು ವರ್ಷ ನೀವು ಸಾಣೆ ಹಿಡಿದದ್ದು ಆ ಎಂಟನೆಯದನ್ನು.

ಇನ್ನು ಈ ಎರಡೇ ದಾರಿ ನಿಮಗೆ ಯಾಕೆ ಕಾಣುತ್ತಿವೆ? ನೀವಿರುವ ಜಾಗದಿಂದ ಅಷ್ಟೇ ಕಾಣುವುದು. ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿಯ ಲೆಕ್ಕ ಪಿರಮಿಡ್ಡಿನದು. ಕೆಳಗೆ ಕಡಿಮೆ ಸಂಬಳದ ಹೊಸಬರು ಹೆಚ್ಚು, ಮೇಲೆ ಹೋದಂತೆ ಕಡಿಮೆ ಜನ. ಹತ್ತು ವರ್ಷದ ಅನುಭವದ ಪ್ರೋಗ್ರಾಮರ್ ಬರೀ ಕೋಡ್ ಬರೆಯುತ್ತಾ ಕೂತರೆ ಬಿಲ್ಲಿಂಗಿನಲ್ಲಿ ದುಬಾರಿ ಆಗುತ್ತಾನೆ, ಅದಕ್ಕೇ ಅವನ ಕೆಳಗೆ ಜನ ಕೊಟ್ಟು ಮ್ಯಾನೇಜರ್ ಮಾಡುತ್ತಾರೆ. ಆರ್ಕಿಟೆಕ್ಟ್ ಹುದ್ದೆಗಳು ಇವೆ, ಆದರೆ ಬೆರಳೆಣಿಕೆ. ತಮ್ಮದೇ ಸಾಫ್ಟ್‌ವೇರ್ ಕಟ್ಟುವ ಪ್ರಾಡಕ್ಟ್ ಕಂಪನಿಗಳಲ್ಲಿ ಹೀಗಿಲ್ಲ. ಒಬ್ಬರನ್ನೂ ಮ್ಯಾನೇಜ್ ಮಾಡದೆ ತಾಂತ್ರಿಕವಾಗಿಯೇ ಮೇಲೇರುವ ಏಣಿಯೊಂದು ಅಲ್ಲಿ ಪ್ರತ್ಯೇಕವಾಗಿಯೇ ಇದೆ: ಸೀನಿಯರ್, ಸ್ಟಾಫ್, ಪ್ರಿನ್ಸಿಪಲ್ ಇಂಜಿನಿಯರ್. ಐಬಿಎಂ 1960ರ ದಶಕದಲ್ಲೇ ಫೆಲೋ ಅನ್ನುವ ಪದವಿಯನ್ನು ಇದಕ್ಕಾಗಿಯೇ ಇಟ್ಟಿತು. ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್ ಕಡೆಯ ಎಷ್ಟೋ ಜಿಸಿಸಿಗಳಲ್ಲೂ (ವಿದೇಶಿ ಕಂಪನಿಗಳು ಇಲ್ಲಿ ನಡೆಸುವ ಸ್ವಂತ ಕೇಂದ್ರಗಳು) ಈಗ ಆ ಏಣಿ ಇದೆ. ಆದ್ದರಿಂದ ನಿಮ್ಮ ಮಟ್ಟಿಗೆ ಎಂ.ಟೆಕ್‌ಗಿಂತ ದೊಡ್ಡ ನಿರ್ಧಾರ ಕಂಪನಿ ಬದಲಿಸುವುದು. ಓದು ಅದಕ್ಕೆ ಬಲ ಕೊಡಲಿ.

ಯಾವ ಓದು? ಫುಲ್‌ಟೈಮ್ ಎಂ.ಟೆಕ್ ನಿಮಗೆ ಬೇಡ ಅನ್ನುತ್ತೇನೆ. ಗೇಟ್ ಪ್ರವೇಶ ಪರೀಕ್ಷೆ ಬರೆದು ಐಐಎಸ್‌ಸಿಯಂಥ ಕಡೆ ಸೀಟು ಸಿಕ್ಕಿದರೂ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಇಎಂಐ ಇಟ್ಟುಕೊಂಡು ಎರಡು ವರ್ಷ ಅದರಲ್ಲಿ ನಡೆಯುವುದಿಲ್ಲ. ಇಪ್ಪತ್ನಾಲ್ಕರ ಹುಡುಗ ಕೇಳಿದ್ದರೆ ಕಣ್ಣುಮುಚ್ಚಿ ಹೋಗು ಅನ್ನುತ್ತಿದ್ದೆ. ಬಿಟ್ಸ್ ಪಿಲಾನಿಯಲ್ಲಿ ಕೆಲಸದಲ್ಲಿರುವವರಿಗೆಂದೇ ಇರುವ ವಿಲ್ಪ್ ವಿಭಾಗದಲ್ಲಿ ಕೆಲಸ ಬಿಡದೆ ನಾಲ್ಕು ಸೆಮಿಸ್ಟರಿನಲ್ಲಿ ಎಂ.ಟೆಕ್ ಮಾಡಬಹುದು, ತರಗತಿಗಳು ವಾರಾಂತ್ಯದಲ್ಲಿ. ಅಮೆರಿಕದ ಜಾರ್ಜಿಯಾ ಟೆಕ್ ಯೂನಿವರ್ಸಿಟಿಯ ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಮಾಸ್ಟರ್ಸ್ 2014ರಲ್ಲಿ ಶುರುವಾಯಿತು. ಹತ್ತು ಕೋರ್ಸು, ಇಡೀ ಪದವಿ ಹತ್ತು ಸಾವಿರ ಡಾಲರಿನೊಳಗೆ ಮುಗಿಯುತ್ತದೆ. ನಿಮ್ಮ ಆಸಕ್ತಿಗೆ ನಾನು ಎರಡನೆಯದನ್ನೇ ಹೇಳುವುದು, ಯಾಕೆಂದರೆ ಆಪರೇಟಿಂಗ್ ಸಿಸ್ಟಮ್, ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್ (ಹಲವು ಕಂಪ್ಯೂಟರ್‌ಗಳು ಸೇರಿ ಒಂದೇ ಕೆಲಸ ಮಾಡುವುದು) ಕೋರ್ಸುಗಳಲ್ಲಿ ಕೈಯಾರೆ ಕಟ್ಟುವ ಕೆಲಸ ಬಹಳ ಇರುತ್ತದೆ. ಎಂಬಿಎ ಬಗ್ಗೆಯೂ ಒಂದು ಮಾತು ಕೇಳಿದ್ದೀರಿ. ಐಐಎಂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರಿಗೇ ಪಿಜಿಪಿಇಎಂ ಅಂತ ವಾರಾಂತ್ಯದ ಕೋರ್ಸ್ ಇದೆ. ಪ್ರಾಡಕ್ಟ್ ಮ್ಯಾನೇಜ್‌ಮೆಂಟಿಗೋ ಸ್ವಂತ ಕಂಪನಿಗೋ ಹೋಗುವವರಿಗೆ ಅದು ಒಳ್ಳೆಯದು. ಇಂಜಿನಿಯರಿಂಗ್ ಮ್ಯಾನೇಜರ್ ಆಗಲು ಎಂಬಿಎ ಬೇಕಿಲ್ಲ.

ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಎಂಐಟಿಯ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಕೋರ್ಸಿನ ಪಾಠಗಳು ಮತ್ತು ಲ್ಯಾಬುಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ರಾಫ್ಟನ್ನು ಗೋ ಭಾಷೆಯಲ್ಲಿ ನೀವೇ ಬರೆಯಬೇಕು. ಒಂಗಾರೊ ಮತ್ತು ಔಸ್ಟರ್‌ಹೌಟ್ 2014ರಲ್ಲಿ ಆ ಪೇಪರ್ ಬರೆದಿದ್ದೇ ಇದೇ ಕೆಲಸದ ಹಳೆಯ ವಿಧಾನ ಪ್ಯಾಕ್ಸೋಸ್ ಯಾರಿಗೂ ಸುಲಭಕ್ಕೆ ಅರ್ಥವಾಗುತ್ತಿಲ್ಲ ಅಂತ. ಓದಿದಾಗ ತಲೆಗೆ ಹತ್ತದ ಭಾಗ ಬರೆಯುವಾಗ ಹತ್ತುತ್ತದೆ. ಬಹಳ ಸರ್ವರ್‌ಗಳಲ್ಲಿ ಪ್ರೋಗ್ರಾಮ್‌ಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್ ತನ್ನ ಸ್ಥಿತಿಯನ್ನೆಲ್ಲ ಇಟ್ಟುಕೊಳ್ಳುವ ಇಟಿಸಿಡಿ ಅನ್ನುವ ಡೇಟಾ ಸಂಗ್ರಹ ಓಡುವುದೂ ರಾಫ್ಟ್ ಮೇಲೇ, ಹಾಗಾಗಿ ಕಲಿತದ್ದು ಇಂಟರ್‌ವ್ಯೂನಲ್ಲೂ ಕೆಲಸಕ್ಕೆ ಬರುತ್ತದೆ. ನೂರು ಸಲ ಓಡಿಸಿದರೆ ಒಂದು ಸಲ ಮಾತ್ರ ಫೇಲ್ ಆಗುವ ಟೆಸ್ಟ್ ಅಲ್ಲಿ ಬಂದೇ ಬರುತ್ತದೆ. ಅದರ ಹಿಂದೆ ಬಿದ್ದು ಇಡೀ ಶನಿವಾರ ಕಳೆದರೂ ಭಾನುವಾರ ಮತ್ತೆ ಕೂರಬೇಕು ಅನ್ನಿಸಿದರೆ ಅರ್ಜಿ ಹಾಕಿ. ಬೇಸರ ಬಂದು ಬಿಟ್ಟರೆ ಫೀಸು ಉಳಿಯಿತು, ಆಗ ಮ್ಯಾನೇಜರ್ ಹುದ್ದೆಯ ಬಗ್ಗೆ ಹೊಸದಾಗಿ ಯೋಚಿಸಿ.

ಸೇಫ್ ಅಂದಿರಲ್ಲ, ಅದನ್ನು ನೇರವಾಗಿ ಹೇಳಬೇಕು. ಮ್ಯಾನೇಜರ್ ಕುರ್ಚಿ ಗಟ್ಟಿ ಅನ್ನುವ ಕಾಲ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಅಮೆಜಾನ್ ಮುಖ್ಯಸ್ಥ ಆ್ಯಂಡಿ ಜಾಸ್ಸಿ, ಮ್ಯಾನೇಜರ್‌ಗಳಿಗೆ ಹೋಲಿಸಿದರೆ ನೇರ ಕೆಲಸ ಮಾಡುವವರ ಪ್ರಮಾಣವನ್ನು ಕನಿಷ್ಠ ಶೇ. 15ರಷ್ಟು ಹೆಚ್ಚಿಸಬೇಕು ಅಂತ ಎಲ್ಲ ವಿಭಾಗಗಳಿಗೂ ಹೇಳಿದರು. ಮಧ್ಯದ ಮ್ಯಾನೇಜರ್ ಕೆಲಸ ಕಳೆದುಕೊಂಡು, ನಾಲ್ಕೈದು ವರ್ಷ ಕೋಡ್ ಮುಟ್ಟದೆ ಇಂಟರ್‌ವ್ಯೂಗೆ ಕೂತಾಗ ಪಡುವ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬರೀ ಕೋಡ್ ಬರೆಯುವುದೂ ಸೇಫ್ ಅಲ್ಲ, ಅದರಲ್ಲಿ ಎಷ್ಟನ್ನೋ ಈಗ ಎಐ ಟೂಲ್‌ಗಳು ಬರೆದುಕೊಡುತ್ತಿವೆ. ಆ ಕೋಡು ಲೋಡ್ ಬಿದ್ದಾಗ ಎಲ್ಲಿ ಮುರಿಯುತ್ತದೆ ಅಂತ ಹೇಳಬಲ್ಲವರು ಈಗಲೂ ಕಡಿಮೆ. ನಿಮ್ಮ ಒಲವು ಇರುವುದು ಅಲ್ಲೇ, ನಾನು ಓದಿ ಅನ್ನಲು ಇದೂ ಒಂದು ಕಾರಣ.

ಹಾಗಂತ ಆಫೀಸಿನವರ ಆಫರನ್ನು ಪೂರ್ತಿ ತಳ್ಳಬೇಡಿ. ಮುಂದಿನ ಮೀಟಿಂಗಿನಲ್ಲಿ ಹೀಗೆ ಕೇಳಿ: "ಸರ್, ಟೆಕ್ನಿಕಲ್ ಲೀಡ್ ಜವಾಬ್ದಾರಿ ತಗೊಳ್ತೀನಿ. ಡಿಸೈನ್, ಕೋಡ್ ರಿವ್ಯೂ, ಇಬ್ಬರು ಜೂನಿಯರ್‌ಗಳನ್ನು ತಯಾರು ಮಾಡೋದು ನನಗೆ ಬಿಡಿ. ಅಪ್ರೈಸಲ್, ರೇಟಿಂಗ್ ಮಾತ್ರ ಈ ವರ್ಷ ಬೇಡ." ಸಂಬಳ ಸ್ವಲ್ಪ ಏರುತ್ತದೆ, ಮಾವನವರಿಗೆ ಹೇಳಲು ಹೊಸ ಹುದ್ದೆಯೂ ಇರುತ್ತದೆ. ಆ ಇಬ್ಬರು ಜೂನಿಯರ್‌ಗಳ ಜೊತೆ ಕಳೆಯುವ ಹೊತ್ತು ನಿಮಗೆ ಭಾರವೋ ಇಷ್ಟವೋ ಅನ್ನುವುದೂ ತಿಳಿಯುತ್ತದೆ.

ಇದಕ್ಕೆಲ್ಲ ಮೊದಲು ಮನೆಯವರ ಜೊತೆ ಕೂತು ಮಾತಾಡಿ. ವಾರಾಂತ್ಯದ ಓದು ಅಂದರೆ ಎರಡು ಮೂರು ವರ್ಷ ಮದುವೆ ಮುಂಜಿ, ಊರಿನ ಜಾತ್ರೆ, ಮಕ್ಕಳ ಭಾನುವಾರ ಎಲ್ಲದರಲ್ಲೂ ಪಾಲು ಕಡಿಮೆಯಾಗುತ್ತದೆ. ಯಾವ ದಿನ ಯಾವ ಹೊತ್ತು ಓದಿಗೆ, ಯಾವ ಹೊತ್ತು ಲ್ಯಾಪ್‌ಟಾಪ್ ತೆಗೆಯುವ ಹಾಗೇ ಇಲ್ಲ ಅನ್ನುವುದನ್ನು ಇಬ್ಬರೂ ಒಪ್ಪಿ ಗೊತ್ತುಮಾಡಿಕೊಂಡು, ಆಮೇಲೆ ಅರ್ಜಿ ತುಂಬಿ.