ಓದುಗರ ಪ್ರಶ್ನೆ, ನಮ್ಮ ಉತ್ತರ: ಊರು ಮತ್ತು ಕೆರೆ

ಪ್ರಶ್ನೆ: ಮಡಿಕೇರಿಯ ಅರ್ಧದಷ್ಟು ಮಳೆಯೂ ಬೀಳದ ಮೈಸೂರು, ಬೆಂಗಳೂರುಗಳಲ್ಲಿ ದೊಡ್ಡ ದೊಡ್ಡ ಕೆರೆಗಳಿವೆ. ನಮ್ಮಲ್ಲಿ ಅಂಥವು ಏಕಿಲ್ಲ? ಬೇಸಿಗೆ ಬಂತೆಂದರೆ ನೀರಿಗೆ ಪರದಾಡುವುದು ಏಕೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಮ್ಮ ನಾಡಿನ ಹೆಚ್ಚಿನ ಕೆರೆಗಳು ಮಳೆ ಸಾಲದ ಊರುಗಳಲ್ಲಿ, ಬಿದ್ದಷ್ಟನ್ನು ಹಿಡಿದಿಟ್ಟುಕೊಳ್ಳುವ ಅನಿವಾರ್ಯದಿಂದ ಹುಟ್ಟಿದವು. ಬಯಲುಸೀಮೆಯ ತಗ್ಗಿಗೆ ಅಡ್ಡಲಾಗಿ ಒಂದು ಏರಿ ಹಾಕಿದರೆ ನೀರು ಬಹುದೂರ ಹರಡಿ ನಿಲ್ಲುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಅಂಥದ್ದು. ಆಗ ಅದು ಗದ್ದೆಗೆ ನೀರುಣಿಸುತ್ತಿತ್ತು, ಈಗ ಹೆಜ್ಜಾರ್ಲೆ ಹಕ್ಕಿಗಳಿಗೂ ಬೆಳಗಿನ ನಡಿಗೆಯವರಿಗೂ ಆಸರೆಯಾಗಿದೆ. ಮಡಿಕೇರಿಯ ಕಡಿದಾದ ಇಳಿಜಾರಿನಲ್ಲಿ ಎಷ್ಟೇ ಎತ್ತರದ ಏರಿ ಕಟ್ಟಿದರೂ ನಿಲ್ಲುವ ನೀರು ಅಲ್ಪ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು, ಇಳಿದು ಹೋಗುತ್ತದೆ.

ಆದರೆ ಕೊಡಗಿನಲ್ಲಿ ಕೆರೆಯ ಕೆಲಸವನ್ನು ಯಾರೂ ಮಾಡುತ್ತಿರಲಿಲ್ಲ ಎಂದಲ್ಲ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳೇ ಆ ಕೆಲಸ ಮಾಡುತ್ತಿದ್ದವು. ನಾಟಿಯಿಂದ ಪೈರು ಬಲಿಯುವವರೆಗೆ ಬದುವಿನೊಳಗೆ ತಿಂಗಳುಗಟ್ಟಲೆ ನಿಂತ ನೀರು ಮಣ್ಣಿಗಿಳಿದು, ಮಳೆಗಾಲ ಮುಗಿದ ಮೇಲೆ ಬಾವಿಗೆ, ತೋಡಿಗೆ, ಹೊಳೆಗೆ ನಿಧಾನವಾಗಿ ಒಸರುತ್ತಿತ್ತು. ಆಳು ಸಿಗದೆ ಪಾಳುಬಿಟ್ಟ ಗದ್ದೆಯ ಬದು ಒಡೆದಾಗ, ಅಥವಾ ಗದ್ದೆಗೆ ಮಣ್ಣು ತುಂಬಿ ಮನೆಯನ್ನೋ ರೆಸಾರ್ಟನ್ನೋ ಎಬ್ಬಿಸಿದಾಗ ನಾವು ಕಳೆದುಕೊಳ್ಳುವುದು ಒಂದು ಕೆರೆಯನ್ನೇ. ಮಡಿಕೇರಿಗೆ ಕುಡಿಯುವ ನೀರು ಕೊಡುವ ಕೂಟುಹೊಳೆ ಬೇಸಿಗೆಯಲ್ಲಿ ಸೊರಗುವುದನ್ನು ಕಂಡಾಗ ಆಕಾಶವನ್ನು ದೂರುವ ಮೊದಲು ಈ ತಗ್ಗುಗಳಿಗೆ ಏನಾಯಿತು ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಹಬ್ಬ, ಪೂಜೆಗಳ ನಂಟಿದ್ದರೆ ಕೆರೆ ತಾನಾಗಿ ಉಳಿಯುತ್ತದೆ ಎನ್ನುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಂಟು ಬಹಳ ದೊಡ್ಡದು, ಆದರೆ ಅದೊಂದೇ ಸಾಲದು. ನಿಮ್ಮ ತಾಲ್ಲೂಕಿನ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯನ್ನೇ ನೋಡಿ. ಕೆರೆಯಲ್ಲಿ ನೀರು ನಿಲ್ಲಲೆಂದು ಹೊನ್ನಮ್ಮ ತನ್ನನ್ನೇ ಅರ್ಪಿಸಿಕೊಂಡಳು ಎಂಬ ಕಥೆಯನ್ನು ನಂಬಿ ಗೌರಿ ಹಬ್ಬದಂದು ಮುತ್ತೈದೆಯರು ಅಲ್ಲಿಗೆ ಬಂದು ಬಾಗಿನ ಬಿಡುತ್ತಾರೆ. ಮಡಿಕೇರಿ ದಸರಾದ ನಾಲ್ಕು ಶಕ್ತಿದೇವತೆಗಳ ಕರಗಗಳೂ ಪಂಪಿನ ಕೆರೆಯ ದಡದಲ್ಲೇ ಹೂವಿನಿಂದ ಸಿಂಗಾರಗೊಂಡು, ಪೂಜೆ ಪಡೆದು, ಅಲ್ಲಿಂದ ನಗರ ಸಂಚಾರಕ್ಕೆ ಹೊರಡುತ್ತವೆ. ನವರಾತ್ರಿ ಊರಿಗೆ ಕಾಲಿಡುವುದು ಆ ನೀರಿನ ಬಳಿಯಿಂದ.

ಇದರ ಜೊತೆಗೇ ಬೆಂಗಳೂರನ್ನೂ ನೆನೆಯಬೇಕಾಗುತ್ತದೆ. ಅಲ್ಲಿನ ಕರಗದ ವಿಧಿಗಳಿಗೆ ಸಂಪಂಗಿ ಕೆರೆ ಬೇಕೇ ಬೇಕು. ಆದರೆ ಆ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ; ಪೂಜೆಗೆಂದು ಉಳಿದಿರುವುದು ಮೂಲೆಯಲ್ಲೊಂದು ಪುಟ್ಟ ಕೊಳ ಮಾತ್ರ. ಕೆಂಪೇಗೌಡರ ಕಾಲದ್ದೆನ್ನುವ ಧರ್ಮಾಂಬುಧಿ ಕೆರೆಯ ನೆಲದಲ್ಲಿ ಬಸ್ಸುಗಳು ನಿಲ್ಲುತ್ತಿವೆ. ಅಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ನಲ್ಲಿ ನೀರು ಬಂದ ಮೇಲೆ ಕೆರೆಯನ್ನು ದಿನವೂ ನೆಚ್ಚಿಕೊಂಡವರು ಕಡಿಮೆಯಾದರು, ನೀರು ತರುವ ಕಾಲುವೆಗಳು ಮುಚ್ಚಿಹೋದವು, ಬತ್ತಿದ ಅಂಗಳ ಖಾಲಿ ಜಾಗವಾಗಿ ಕಂಡಿತು. ಆದ್ದರಿಂದ ಬಾಗಿನ ಬಿಡುವ ದಿನ ದಡವನ್ನು ಗುಡಿಸುವಷ್ಟೇ ಶ್ರದ್ಧೆಯಿಂದ, ಮೇಲಿನ ಗುಡ್ಡದಿಂದ ನೀರು ಇಳಿಯುವ ದಾರಿಯನ್ನೂ ಪ್ರತಿವರ್ಷ ನಡೆದು ನೋಡುವ ರೂಢಿ ಬೆಳೆಯಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಪ್ರಶ್ನೆ: ಮಗ ಬೆಂಗಳೂರಿನ ಬೆಳ್ಳಂದೂರಿನಲ್ಲಿದ್ದಾನೆ. ಅಲ್ಲಿನ ಕೆರೆ ನೊರೆ ಉಗುಳುವುದೇಕೆ, ನೀರಿಗೆ ಬೆಂಕಿ ಹತ್ತುವುದು ಹೇಗೆ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ನಗರದ ಕೊಳಚೆ ಶುದ್ಧಿಯಾಗದೆ ಆ ಕೆರೆಗೆ ಸೇರುತ್ತಾ ಬಂದಿದೆ. ಅದರಲ್ಲಿರುವ ಸೋಪು, ಡಿಟರ್ಜೆಂಟುಗಳ ಅಂಶ ಕೋಡಿಯಲ್ಲಿ ಧುಮ್ಮಿಕ್ಕುವಾಗ ಕಡೆದಂತಾಗಿ ನೊರೆ ಏಳುತ್ತದೆ. ಉರಿಯುವುದು ನೀರಲ್ಲ, 2015ರಲ್ಲಿ ನೊರೆಗೆ ಬೆಂಕಿ ಹತ್ತಿತು, 2018ರ ಜನವರಿಯಲ್ಲಿ ಕೆರೆಯೊಳಗಿನ ಒಣ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸಲು ಸೈನಿಕರೂ ಬರಬೇಕಾಯಿತು. ಹಿಂದೆ ಇಂಥ ಕೆರೆಗಳು ಬೇಸಿಗೆಯಲ್ಲಿ ಇಳಿಯುತ್ತಿದ್ದವು, ರೈತರು ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಒಯ್ಯುತ್ತಿದ್ದರು. ಕೊಳಚೆಯಿಂದ ವರ್ಷವಿಡೀ ತುಂಬಿರುವ ಕೆರೆಗೆ ಆ ಬಿಡುವೇ ಇಲ್ಲ.

ಇದು ಬೆಂಗಳೂರಿಗಷ್ಟೇ ಸೇರಿದ ಪಾಡೆಂದು ಭಾವಿಸಬೇಡಿ. ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ಸುಲಿದ, ಹುಳಿ ನೀರನ್ನು ತೋಡಿಗೆ ಬಿಟ್ಟರೆ ಅದರ ಸಿಹಿ ಲೋಳೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ, ಕೆಳಗಿನ ಕೆರೆಯಲ್ಲಿ ಮೀನು ಸಾಯುತ್ತವೆ. ಆ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಳೆದು, ಶುದ್ಧಗೊಳಿಸದೆ ಹೊರಗೆ ಬಿಡಬಾರದು.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯ ಹೂಳೆತ್ತಿಸಲು ಹೊರಟಿದ್ದೇವೆ. ಮೊದಲು ಏನು ಮಾಡಬೇಕು?
– ಯುವಕ ಸಂಘದವರು, ಕುಶಾಲನಗರ

ಉತ್ತರ: ಮೊದಲು ಸರ್ವೆ ನಕ್ಷೆ ತೆಗೆಸಿ ಗಡಿ ಗುರುತಿಸಿ, ಇಲ್ಲವಾದರೆ ಒತ್ತುವರಿಯಾದ ಅಂಚೇ ಕೆರೆಯ ಅಂಚೆಂದು ಖಾಯಂ ಆಗಿಬಿಡುತ್ತದೆ. ನೀರು ಒಳಬರುವ ಕಾಲುವೆ, ತೂಬು, ಕೋಡಿ ಈ ಮೂರನ್ನೂ ಸರಿಪಡಿಸಿದ ಮೇಲೆ ಹೂಳಿಗೆ ಕೈಹಾಕಿ. ಸುತ್ತಲೂ ನೆಟ್ಟಗೆ ಕಲ್ಲಿನ ಗೋಡೆ ಎಬ್ಬಿಸಬೇಡಿ. ಒಂದು ಬದಿಯಾದರೂ ಆಳವಿಲ್ಲದ, ಜೊಂಡು ಬೆಳೆಯುವ ದಡವಿರಲಿ, ಹಕ್ಕಿಗಳು ಮೇಯುವುದೂ ಮೀನು ಮರಿಗಳು ಅಡಗುವುದೂ ಅಲ್ಲೇ. ಮುಂಗಾರಿಗೆ ಮೊದಲು, ನೀರು ತಳ ಕಾಣುವ ಮಾರ್ಚ್–ಏಪ್ರಿಲ್‌ನಲ್ಲಿ ಕೆಲಸ ಮುಗಿಸಿ. ಊರ ಕೊಳಚೆ ಸೇರದ ಕೆರೆಯಾಗಿದ್ದರೆ ಎತ್ತಿದ ಮಣ್ಣನ್ನು ಏರಿಯ ಮೇಲೆ ರಾಶಿ ಹಾಕದೆ, ಪರೀಕ್ಷೆ ಮಾಡಿಸಿ ಹತ್ತಿರದ ಗದ್ದೆಯವರಿಗೆ ಕೊಡಿ. ಏರಿಯ ಮೇಲೆ ಬಿಟ್ಟ ಹೂಳು ಮೊದಲ ಮಳೆಗೇ ಮತ್ತೆ ಕೆರೆಗೆ ಇಳಿಯುತ್ತದೆ.