ವಿಜಯನಗರ ಕಾಲದ ದೆವ್ವದ ಪ್ರೇಮಕಥೆಗೆ ಗಟ್ಟಿ ನಾಯಕಿ ಬೇಕು, ಹೇಗೆ ಬರೆಯಲಿ?

ಕೈಗೆ ಕತ್ತಿ ಕೊಟ್ಟರೆ ನಾಯಕಿ ಈ ಕಾಲದವಳ ಹಾಗೆ ಕಾಣ್ತಾಳೆ, ಕೊಡದಿದ್ದರೆ ಬರೀ ಅಳ್ತಾ ಕೂರ್ತಾಳೆ ಅಂದಿದ್ದೀರಿ. ನಾಯಕ ಮುಸ್ಲಿಂ ಆದರೆ ನಂಬ್ತಾರಾ ಅಂತಲೂ ಕೇಳಿದ್ದೀರಿ.

ಕತ್ತಿ ಬಿಡಿ, ಅವಳಿಗೊಂದು ಕೆಲಸ ಕೊಡಿ. ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ದಶಕದಲ್ಲಿ, ವಿಜಯನಗರದಲ್ಲಿದ್ದ ಪೋರ್ಚುಗೀಸ ನೂನಿಜ್ ಅರಮನೆಯ ಹೆಂಗಸರ ಬಗ್ಗೆ ಬರೆದದ್ದನ್ನು ದಯವಿಟ್ಟು ಓದಿ. ಕುಸ್ತಿ ಆಡುವವರು, ಜ್ಯೋತಿಷ್ಯ ಹೇಳುವವರು, ಕಾವಲು ಕಾಯುವವರು ಎಲ್ಲ ಅಲ್ಲಿದ್ದಾರೆ. ನನಗೆ ತುಂಬಾ ಇಷ್ಟವಾದವರು ಲೆಕ್ಕ ಬರೆಯುವವರು. ಅರಮನೆ ಒಳಗಿನ ಖರ್ಚು ಬರೆಯೋದು ಹೆಂಗಸರೇ, ತಮ್ಮ ಪುಸ್ತಕವನ್ನು ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡೋದೂ ಅವರೇ.

ದೆವ್ವವನ್ನು ಆ ತಾಳೆಯೊಳಗೇ ತನ್ನಿ. ಒಳಗಿನ ಲೆಕ್ಕದಲ್ಲಿ ಒಬ್ಬ ದಾಸಿಯ ಹೆಸರಿಗೆ ದಿನಾ ದೀಪದ ಎಣ್ಣೆ ಖರ್ಚು ಬೀಳ್ತಿದೆ. ಹೊರಗಿನ ಲೆಕ್ಕದಲ್ಲಿ ಅವಳು ಸತ್ತು ಎರಡು ವರ್ಷ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದ ಕರೀ ಬಟ್ಟೆಯೇ ಆ ಕಾಲದ ಲೆಕ್ಕದ ಪುಸ್ತಕ, ಅಂದರೆ ಕಡತ. ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೀಬಹುದು. ಸಂಜೆ ನಾಯಕಿ ಒರೆಸಿದ ಸಾಲು ಬೆಳಿಗ್ಗೆ ಅಲ್ಲೇ ಇರಲಿ, ಬೇರೆಯವರ ಅಕ್ಷರದಲ್ಲಿ. ಅವಳು ಹೆದರಲಿ, ಹೆದರದಿದ್ದರೆ ನಾವೂ ಹೆದರಲ್ಲ. ಆದರೆ ಆ ಅಕ್ಷರ ಯಾರದ್ದು ಅಂತ ಗುರುತು ಹಿಡಿಯೋಳು ಅವಳೊಬ್ಬಳೇ ಆಗಿರಬೇಕು.

ಇನ್ನು ನಾಯಕ. ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಈಗಲೂ ಇದೆ. ಗುಮ್ಮಟವಿಲ್ಲ, ನೋಡೋಕೆ ಕಂಬಗಳ ಮಂಟಪದ ಹಾಗೇ ಇದೆ. ಅಂಥ ಬಿಲ್ಲುಗಾರನೊಬ್ಬನ ಮರಿಮಗ ನಿಮ್ಮ ನಾಯಕನಾಗಲಿ, ಲೆಕ್ಕದ ಚಾವಡಿಯ ಕಾವಲಿಗಿರಲಿ. ಆ ಊರಲ್ಲೇ ಹುಟ್ಟಿದವನು, ತಾನ್ಯಾಕೆ ಇಲ್ಲಿದ್ದೀನಿ ಅಂತ ಪುಟಕ್ಕೊಮ್ಮೆ ವಿವರಿಸುವ ಹಂಗು ಅವನಿಗಿಲ್ಲ. ಮಳೆಗಾಲದ ಥಂಡಿಗೆ ಬಿಲ್ಲಿನ ಅಂಟು ಬಿಡುತ್ತಲ್ಲಾ ಅನ್ನೋ ಚಿಂತೆ ಕೊಡಿ, ಮನುಷ್ಯ ಆಗ್ತಾನೆ.

ಕೊನೆಗೆ ಅವನು ಹಾರಿ ಬಂದು ಅವಳನ್ನು ಕಾಪಾಡೋದು ಮಾತ್ರ ಖಂಡಿತ ಬೇಡ. ಸತ್ತವಳ ಸಂಬಳ ಬಾಕಿ ಇದೆ, ಅದು ಊರಾಚೆ ಇರೋ ಅವಳ ಮಗಳಿಗೆ ಸೇರಬೇಕು ಅಂತಿಟ್ಟುಕೊಳ್ಳಿ. ಆ ಬಾಕಿ ಎಷ್ಟು, ಯಾರು ನುಂಗಿದ್ರು ಅನ್ನೋದನ್ನ ಕಡತದಿಂದ ತೆಗೆಯೋಳು ನಾಯಕಿ. ಹೊರಗೆ ಅಲೆದು ಮಗಳನ್ನು ಹುಡುಕೋನು ಅವನು. ಈ ಓಡಾಟದಲ್ಲೇ ಪ್ರೀತಿ ಹುಟ್ಟಲಿ, ಬೆಳದಿಂಗಳ ಭೇಟಿ ಬೇರೆ ಬೇಕಾಗಲ್ಲ.